ಚೆಕ್ ಎಂಜಿನ್ ಲೈಟ್ ಹತ್ತಿದೆಯಾ? ಪಾರ್ಟ್ ಬದಲಿಸುವ ಮೊದಲು ಹೀಗೆ ನೋಡಿ

"ಲೈಟ್ ಹತ್ತಿತ್ತು. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿ ಸೆನ್ಸಾರ್ ಹೋಗಿದೆ ಅಂದ್ರು. ಬದಲಿಸಿದೆ. ವಾರದಲ್ಲಿ ಮತ್ತೆ ಹತ್ತಿತು. ಈಗೇನು ಮಾಡೋದು?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕಾರು ಬೇರೆ, ಊರು ಬೇರೆ, ಕಥೆ ಮಾತ್ರ ಒಂದೇ. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಯ್ತು, ಏನು ರಿಪೇರಿ ಮಾಡಿಸಲಿ?" ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಒಂದು ಮಾಹಿತಿ ಎಂಜಿನ್‌ನ ಕಂಪ್ಯೂಟರಿನಿಂದ ಬರುತ್ತದೆ, ಇನ್ನೊಂದು ಸೈಲೆನ್ಸರಿನಿಂದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೊಂದರೆ ಎಲ್ಲಿದೆ ಎಂದು ಬಹಳ ಸಲ ಮನೆಯಲ್ಲೇ ಗೊತ್ತಾಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನರ್ ತೋರಿಸುವ ಕೋಡ್ ಕೆಟ್ಟುಹೋದ ಪಾರ್ಟಿನ ಹೆಸರಲ್ಲ. ಅದು ಎಂಜಿನ್ ಕಂಪ್ಯೂಟರ್ ಕೊಟ್ಟ ದೂರು. ಪಿ0171 ಎಂಬ ಕೋಡ್ ಬಂದರೆ "ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿಯಾಗಿದೆ" ಎಂದಷ್ಟೇ ಅರ್ಥ. ಆ ಗಾಳಿ ಎಲ್ಲಿಂದ ನುಗ್ಗಿತು, ಅಥವಾ ಪೆಟ್ರೋಲ್ ಯಾಕೆ ಕಡಿಮೆ ಬಂತು ಎಂಬುದು ಕಂಪ್ಯೂಟರಿಗೂ ಗೊತ್ತಿಲ್ಲ. ಹುಡುಕುವ ಕೆಲಸ ನಮ್ಮದು.

ಏನೇನು ಬೇಕು

ಮೊದಲನೆಯದು ಒಬಿಡಿ ಡಾಂಗಲ್. ಒಬಿಡಿ ಎಂದರೆ ಗಾಡಿಯೇ ತನ್ನ ದೋಷವನ್ನು ತಾನೇ ಗುರುತಿಸಿ ಬರೆದಿಡುವ ವ್ಯವಸ್ಥೆ. ಡಾಂಗಲ್ ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಗ್. ಅದು ಕಾರಿನ ಮಾಹಿತಿಯನ್ನು ನಿಮ್ಮ ಫೋನಿಗೆ ಕಳಿಸುತ್ತದೆ. ಕೆಲವು ನೂರು ರೂಪಾಯಿಯಿಂದ ಎರಡು-ಮೂರು ಸಾವಿರದವರೆಗೆ ಸಿಗುತ್ತವೆ. ಹೆಚ್ಚಿನವು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ327 ಚಿಪ್‌ನ ನಕಲುಗಳು. ತೀರಾ ಅಗ್ಗದ ನಕಲುಗಳು ಕೆಲವು ಕಾರುಗಳ ಜೊತೆ ಮಾತಾಡುವುದೇ ಇಲ್ಲ, ಅರ್ಧಕ್ಕೇ ಕೈಕೊಡುತ್ತವೆ. ನಿಮ್ಮದೇ ಮಾಡೆಲ್ ಕಾರಿನವರು ಬಳಸಿ ಸರಿ ಇದೆ ಎಂದದ್ದನ್ನು ಕೊಳ್ಳಿ. ಐಫೋನ್ ಇದ್ದವರು ಗಮನಿಸಿ: ಸಾಮಾನ್ಯ ಬ್ಲೂಟೂತ್ ಡಾಂಗಲ್ ಐಫೋನಿಗೆ ಆಗುವುದಿಲ್ಲ. ವೈಫೈ ಇರುವುದು ಅಥವಾ 'ಬ್ಲೂಟೂತ್ ಲೋ ಎನರ್ಜಿ' ಎಂದು ಬರೆದಿರುವುದೇ ಬೇಕು. ಆ್ಯಪ್‌ಗಳಲ್ಲಿ ಆಂಡ್ರಾಯ್ಡ್‌ಗೆ ಟಾರ್ಕ್ ಇದೆ, ಎರಡೂ ಬಗೆಯ ಫೋನಿಗೆ ಕಾರ್ ಸ್ಕ್ಯಾನರ್ ಇದೆ.

ಜೊತೆಗೆ ಒಂದು ಡಿಜಿಟಲ್ ಮಲ್ಟಿಮೀಟರ್, ಒಳ್ಳೆಯ ಟಾರ್ಚ್, 10 ಎಂಎಂ ಸ್ಪ್ಯಾನರ್, ಒಂದು ನೋಟ್‌ಬುಕ್. ನೋಟ್‌ಬುಕ್ ಇಲ್ಲದೆ ಶುರು ಮಾಡಬೇಡಿ. ಇಲ್ಲಿ ನಡೆಯುವುದೆಲ್ಲ ಅಂಕಿಗಳ ಹೋಲಿಕೆ.

ನಿಮ್ಮ ಕಾರಿಗೆ ಇದು ಆಗುತ್ತದೆಯೇ? ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್4 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮದ ನಾಲ್ಕನೇ ಹಂತ) ಕಾರುಗಳಿಗೆ ಒಬಿಡಿ-2 ಕಡ್ಡಾಯವಾಯಿತು. ಆಮೇಲಿನ ಕಾರುಗಳಲ್ಲಿ ತೊಂದರೆ ಇಲ್ಲ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಅದೇ ಆಕಾರದ ಸಾಕೆಟ್ ಇದ್ದರೂ ಡಾಂಗಲ್‌ಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುವುದುಂಟು. ಅಂಥ ಕಾರಿನವರು 7ನೇ ಹಂತವನ್ನು ಚೆನ್ನಾಗಿ ಓದಿಕೊಳ್ಳಿ, ನಿಮಗೆ ಹೊಗೆ ತಪಾಸಣೆಯ ಅಂಕಿಗಳೇ ಆಧಾರ.

ಕೈ ಹಾಕುವ ಮೊದಲು

ಎಂಜಿನ್ ಓಡಿಸಿ ನೋಡುವ ಕೆಲಸವನ್ನೆಲ್ಲ ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಾಗಲಿ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಾಗಲಿ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಂದದ್ದು ಗೊತ್ತಾಗುವುದರೊಳಗೆ ಪ್ರಜ್ಞೆ ತಪ್ಪುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಗೇರ್ ನ್ಯೂಟ್ರಲ್‌ನಲ್ಲಿಡಿ. ದುಪಟ್ಟಾ, ಪಂಚೆ, ಸಡಿಲ ತೋಳು ಬೆಲ್ಟಿನ ಹತ್ತಿರ ಬರಬಾರದು. ಎಂಜಿನ್ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಬಿಚ್ಚಬೇಡಿ. ಡೀಸೆಲ್ ಕಾರಿನವರು ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಲು ಹೋಗಬೇಡಿ. ಅಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿರುತ್ತದೆ, ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬಾರದು.

1. ಲೈಟ್ ಏನು ಹೇಳುತ್ತಿದೆ ನೋಡಿ

ಹಳದಿ ಎಂಜಿನ್ ಚಿತ್ರ ಸುಮ್ನೆ ಉರಿಯುತ್ತಿದ್ದು, ಗಾಡಿ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ನಿಧಾನವಾಗಿ ಮನೆಗೆ ಬನ್ನಿ. ಅದೇ ಲೈಟ್ ಮಿನುಗುತ್ತಿದ್ದರೆ ಮಾತು ಬೇರೆ. ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಹಸಿ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಎಂದರ್ಥ. ಆ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅದನ್ನು ಕರಗಿಸಿಬಿಡುತ್ತದೆ. ಕನ್ವರ್ಟರ್ ಎಂದರೆ ಹೊಗೆಯ ವಿಷವನ್ನು ಕಡಿಮೆ ಮಾಡುವ ಡಬ್ಬಿ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುವುದರಿಂದ ಬಹಳ ದುಬಾರಿ. ಲೈಟ್ ಮಿನುಗಿದರೆ ಗಾಡಿ ಪಕ್ಕಕ್ಕೆ ಹಾಕಿ, ಎಳೆಸಿಕೊಂಡು ಹೋಗಿ.

ಕೆಂಪು ಬಣ್ಣದ ಆಯಿಲ್ ಲೈಟ್ ಅಥವಾ ಟೆಂಪರೇಚರ್ ಲೈಟ್ ಬಂದರೆ ಸ್ಕ್ಯಾನರ್ ಮಾತೇ ಇಲ್ಲ. ತಕ್ಷಣ ಎಂಜಿನ್ ಆಫ್ ಮಾಡಿ.

2. ಕಣ್ಣಿಂದ ಮೊದಲು, ಫೋನಿಂದ ಆಮೇಲೆ

ಬಾನೆಟ್ ಎತ್ತಿ ಐದು ನಿಮಿಷ ಟಾರ್ಚ್ ಹಾಕಿ ನೋಡಿ. ಇಲಿ ಕಚ್ಚಿದ ವೈರ್, ಕಳಚಿದ ಹೋಸ್, ಬಾಯ್ದೆರೆದ ಏರ್ ಫಿಲ್ಟರ್ ಡಬ್ಬಿ, ಸರಿಯಾಗಿ ಕೂರದ ಕನೆಕ್ಟರ್ ಇವೆಯೇ ಎಂದು ಹುಡುಕಿ. ಸರ್ವಿಸ್ ಆಗಿ ಬಂದ ಎರಡು-ಮೂರು ದಿನದಲ್ಲೇ ಲೈಟ್ ಹತ್ತಿದ್ದರೆ, ಸರ್ವಿಸ್‌ನಲ್ಲಿ ಏನು ಬಿಚ್ಚಿದ್ದರೋ ಅಲ್ಲೇ ಮೊದಲು ಕೈಯಾಡಿಸಿ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿರುವ ಎಂಜಿನ್ ಹತ್ತಿರ ಸೇರಿಕೊಳ್ಳುತ್ತವೆ. ಸೆನ್ಸಾರ್ ಕೆಟ್ಟಿತು ಎಂದುಕೊಂಡ ಎಷ್ಟೋ ಗಾಡಿಗಳಲ್ಲಿ ಕೆಟ್ಟಿದ್ದು ಸೆನ್ಸಾರ್ ಅಲ್ಲ, ಅದಕ್ಕೆ ಹೋಗುವ ವೈರ್.

ಆಯಿಲ್, ಕೂಲೆಂಟ್ ಮಟ್ಟ ನೋಡಿ. ಆಮೇಲೆ ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ 12.4ರಿಂದ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ರ ಹತ್ತಿರಕ್ಕೆ ಇಳಿದರೆ ಪರವಾಗಿಲ್ಲ. 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ 13.5ರಿಂದ 14.7 ಇರಬೇಕು. ಈಚಿನ ಕೆಲವು ಕಾರುಗಳಲ್ಲಿ ಮೈಲೇಜ್ ಉಳಿಸಲು ಚಾರ್ಜಿಂಗ್ ಸ್ವಲ್ಪ ಹೊತ್ತು ಇಳಿಯುವುದುಂಟು, ಅದು ದೋಷವಲ್ಲ. ಬ್ಯಾಟರಿ ಸೋತಾಗ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬರಬಹುದು. ಹಾಗಾಗಿ ಬ್ಯಾಟರಿ ಸರಿ ಇದೆ ಎಂದು ಖಾತ್ರಿಯಾಗುವ ತನಕ ಮುಂದಕ್ಕೆ ಹೋಗಬೇಡಿ.

3. ಡಾಂಗಲ್ ಹಾಕಿ, ಕೋಡ್ ಬರೆದುಕೊಳ್ಳಿ

ಸಾಕೆಟ್ ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುತ್ತದೆ. 16 ಪಿನ್, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಕೆಲವು ಕಾರುಗಳಲ್ಲಿ ಅದಕ್ಕೊಂದು ಮುಚ್ಚಳ ಇರುತ್ತದೆ. ಇಗ್ನಿಷನ್ ಆಫ್ ಇರುವಾಗ ಡಾಂಗಲ್ ಚುಚ್ಚಿ, ಆಮೇಲೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬ್ಲೂಟೂತ್ ಪಿನ್ ಕೇಳಿದರೆ 1234 ಅಥವಾ 0000. ಡಾಂಗಲ್‌ನಲ್ಲಿ ಲೈಟೇ ಬರದಿದ್ದರೆ ಸಾಕೆಟ್‌ಗೆ ಕರೆಂಟ್ ಬರುತ್ತಿಲ್ಲ. ಬಹಳ ಕಾರುಗಳಲ್ಲಿ ಈ ಸಾಕೆಟ್ ಮತ್ತು ಫೋನ್ ಚಾರ್ಜರ್ ಸಾಕೆಟ್ ಎರಡಕ್ಕೂ ಒಂದೇ ಫ್ಯೂಸ್, ಅದನ್ನು ನೋಡಿ.

ಆ್ಯಪ್ ಮೂರು ಬಗೆಯ ಕೋಡ್ ತೋರಿಸಬಹುದು. ದೃಢವಾದದ್ದು ಎಂದರೆ ಲೈಟ್ ಹತ್ತಿಸಿದ ಕೋಡ್. 'ಪೆಂಡಿಂಗ್' ಎಂದರೆ ಕಂಪ್ಯೂಟರಿಗೆ ಅನುಮಾನ ಬಂದಿದೆ, ಇನ್ನೊಂದು ಸಲ ಕಂಡರೆ ಲೈಟ್ ಹತ್ತಿಸುತ್ತದೆ. 'ಪರ್ಮನೆಂಟ್' ಎಂದರೆ ನೀವು ಅಳಿಸಲಾಗದ ಕೋಡ್. ದೋಷ ಹೋಗಿದೆ ಎಂದು ಕಂಪ್ಯೂಟರೇ ಪರೀಕ್ಷಿಸಿ ಅಳಿಸಿಕೊಳ್ಳಬೇಕು.

ಇನ್ನು 'ಫ್ರೀಜ್ ಫ್ರೇಮ್' ಎಂಬ ಪುಟವನ್ನು ತಪ್ಪದೆ ತೆರೆಯಿರಿ. ಬಹಳ ಜನ ಇದನ್ನು ನೋಡುವುದೇ ಇಲ್ಲ, ನನಗೆ ಇದರ ಬಗ್ಗೆ ನಿಜಕ್ಕೂ ಬೇಜಾರು. ದೋಷ ಕಂಡ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸ್ಪೀಡ್, ಎಷ್ಟು ಆರ್‌ಪಿಎಂ ಎಂದು ಕಂಪ್ಯೂಟರ್ ಒಂದು ಫೋಟೋ ತೆಗೆದ ಹಾಗೆ ಉಳಿಸಿರುತ್ತದೆ. ಆಗುಂಬೆ ಘಾಟಿ ಹತ್ತುವಾಗ ಫುಲ್ ಲೋಡಿನಲ್ಲಿ ಬಂದ ಕೋಡಿಗೂ, ಬೆಳಗ್ಗೆ ತಣ್ಣಗಿನ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬಂದ ಕೋಡಿಗೂ ಕಾರಣ ಬೇರೆ ಬೇರೆ.

ಎಲ್ಲವನ್ನೂ ಬರೆದುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಕೋಡ್ ಅಳಿಸಬೇಡಿ. ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ಬ್ಯಾಟರಿ ತಂತಿ ತೆಗೆದು ಹಾಕಿ ಲೈಟ್ ಆರಿಸುವುದೂ ಅದೇ ತಪ್ಪು.

4. ಕೋಡಿನ ಅರ್ಥ

ಮೊದಲ ಅಕ್ಷರ ಪಿ ಇದ್ದರೆ ಎಂಜಿನ್-ಗೇರ್‌ಬಾಕ್ಸ್, ಸಿ ಇದ್ದರೆ ಬ್ರೇಕ್-ಸ್ಟಿಯರಿಂಗ್, ಬಿ ಇದ್ದರೆ ಬಾಡಿ, ಯು ಇದ್ದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಅದರ ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಇದ್ದರೆ ಆಯಾ ಕಂಪನಿಯದ್ದೇ ಅರ್ಥ. ಪಿ1 ಕೋಡನ್ನು ಬೇರೆ ಕಂಪನಿಯ ಕಾರಿನ ಪಟ್ಟಿಯಲ್ಲಿ ನೋಡಿ ಪಾರ್ಟ್ ಕೊಳ್ಳಬೇಡಿ.

ನಮ್ಮಲ್ಲಿ ಜಾಸ್ತಿ ಕಾಣುವವು ಇವು. ಪಿ0300 ಎಂದರೆ ಯಾವುದೋ ಸಿಲಿಂಡರ್‌ನಲ್ಲಿ ಮಿಸ್ಸಿಂಗ್, ಅಂದರೆ ಅದು ಸರಿಯಾಗಿ ಉರಿಯುತ್ತಿಲ್ಲ. ಪಿ0301, ಪಿ0302 ಎಂದು ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0171 ಗಾಳಿ ಜಾಸ್ತಿ, ಪಿ0172 ಪೆಟ್ರೋಲ್ ಜಾಸ್ತಿ. ಪಿ0420 ಕನ್ವರ್ಟರ್ ಕೆಲಸ ಸಾಲದು. ಪಿ0128 ಎಂಜಿನ್ ಬಿಸಿಯಾಗುವುದು ತಡವಾಗುತ್ತಿದೆ, ಹೆಚ್ಚಾಗಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ತಡೆದಿಡುವ ಬಾಗಿಲು). ಪಿ0335 ಕ್ರ್ಯಾಂಕ್ ಸೆನ್ಸಾರ್ ಸರ್ಕ್ಯೂಟ್. ಡೀಸೆಲ್‌ನಲ್ಲಿ ಪಿ0401 ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಹರಿವು ಕಡಿಮೆ, ಪಿ0299 ಟರ್ಬೊ ಒತ್ತಡ ಸಾಲದು, ಪಿ2463 ಮಸಿ ಫಿಲ್ಟರ್ ತುಂಬಿದೆ.

"ಸರ್ಕ್ಯೂಟ್" ಎಂಬ ಪದ ಕಂಡರೆ ನಿಲ್ಲಿ. ಅದರಲ್ಲಿ ಸೆನ್ಸಾರ್, ಕನೆಕ್ಟರ್, ವೈರ್, ಕಂಪ್ಯೂಟರ್ ನಾಲ್ಕೂ ಸೇರಿವೆ.

5. ಲೈವ್ ಡೇಟಾ

ಪತ್ತೆಯ ಜೀವಾಳ ಇಲ್ಲಿದೆ. ಲೈವ್ ಡೇಟಾ ಎಂದರೆ ಸೆನ್ಸಾರ್‌ಗಳು ಈಗ, ಈ ಕ್ಷಣ ಹೇಳುತ್ತಿರುವ ಅಂಕಿಗಳು. ನೂರು ಸಾಲು ಕಂಡು ಹೆದರಬೇಡಿ. ನಾಲ್ಕು ಸಾಕು.

ಮೊದಲನೆಯದು ತಾಪಮಾನ. ಬೆಳಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಬರೀ ಕೀ ಆನ್ ಮಾಡಿ ಕೂಲೆಂಟ್ ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ಎರಡನ್ನೂ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೊರಗಿನ ಹವೆಯಷ್ಟೇ ಇರಬೇಕು. ಹೊರಗೆ 22 ಡಿಗ್ರಿ ಇದ್ದು ಒಂದು ಸೆನ್ಸಾರ್ 23, ಇನ್ನೊಂದು 45 ಎಂದರೆ ಯಾವುದು ಸುಳ್ಳು ಹೇಳುತ್ತಿದೆ ಎಂದು ನೀವೇ ಹೇಳಬಹುದು. ಮೈನಸ್ 40 ತೋರಿಸಿದರೆ ವೈರ್ ಕಡಿದಿದೆ ಅಥವಾ ಕನೆಕ್ಟರ್ ಕಳಚಿದೆ. ಎಂಜಿನ್ ಬಿಸಿಯಾದ ಮೇಲೆ ಕೂಲೆಂಟ್ 85ರಿಂದ 100ರ ನಡುವೆ ನಿಲ್ಲಬೇಕು. ಹೈವೇಯಲ್ಲಿ 70ಕ್ಕೆ ಇಳಿದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಅಂಥ ಗಾಡಿ ಸದಾ ತಣ್ಣಗಿದ್ದೇನೆ ಎಂದುಕೊಂಡು ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಎರಡನೆಯದು ಎಂಎಪಿ, ಅಂದರೆ ಗಾಳಿ ಒಳಹೋಗುವ ಕೊಳವೆಯ ಒತ್ತಡ. ಕೀ ಆನ್, ಎಂಜಿನ್ ಆಫ್ ಇದ್ದಾಗ ಇದು ಹೊರಗಿನ ವಾಯು ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಹತ್ತಿರ, ಬೆಂಗಳೂರಿನಲ್ಲಿ 91ರ ಹತ್ತಿರ, ಮಡಿಕೇರಿಯಲ್ಲಿ 88ರ ಆಸುಪಾಸು. ಇಂಟರ್ನೆಟ್ಟಿನಲ್ಲಿ ನೂರು ಇರಬೇಕು ಎಂದು ಓದಿಕೊಂಡು ಬೆಂಗಳೂರಿನವರು ಒಳ್ಳೆಯ ಸೆನ್ಸಾರ್ ಬಿಸಾಡಬೇಡಿ. ಸ್ಟಾರ್ಟ್ ಮಾಡಿ ಐಡ್ಲಿಂಗ್‌ಗೆ ಬಂದಾಗ ಪೆಟ್ರೋಲ್ ಕಾರಿನಲ್ಲಿ 30-40ಕ್ಕೆ ಇಳಿಯಬೇಕು, ಎಸಿ ಆಫ್ ಇರಲಿ.

ಮೂರನೆಯದು 'ಫ್ಯೂಯಲ್ ಟ್ರಿಮ್'. ಸಾರಿಗೆ ಉಪ್ಪು ಹಾಕಿ, ರುಚಿ ನೋಡಿ, ಇನ್ನೊಂದು ಚಿಟಿಕೆ ಹಾಕುತ್ತೇವಲ್ಲ, ಕಂಪ್ಯೂಟರ್ ಪೆಟ್ರೋಲಿನಲ್ಲಿ ಅದನ್ನೇ ಮಾಡುತ್ತದೆ. ರುಚಿ ನೋಡುವ ನಾಲಿಗೆ ಆಕ್ಸಿಜನ್ ಸೆನ್ಸಾರ್. ಎಷ್ಟು ಶೇಕಡಾ ಸೇರಿಸಿತು, ಎಷ್ಟು ಕಳೆಯಿತು ಎಂಬುದೇ ಟ್ರಿಮ್. 'ಶಾರ್ಟ್ ಟರ್ಮ್' ಕ್ಷಣಕ್ಷಣಕ್ಕೆ ಓಡಾಡುತ್ತದೆ. 'ಲಾಂಗ್ ಟರ್ಮ್' ಕಂಪ್ಯೂಟರ್ ಕಲಿತುಕೊಂಡ ಅಭ್ಯಾಸ. ಎರಡನ್ನೂ ಕೂಡಿ. ಮೈನಸ್ 10ರಿಂದ ಪ್ಲಸ್ 10ರ ಒಳಗಿದ್ದರೆ ಸರಿ. ಪ್ಲಸ್ 20 ದಾಟಿದರೆ ಪಿ0171 ಬರುವ ಹೊತ್ತು.

ಈಗ ಎಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಒಂದು ಸಲ, 2,500 ಆರ್‌ಪಿಎಂನಲ್ಲಿ ಒಂದು ಸಲ ಟ್ರಿಮ್ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಪ್ಲಸ್ 22, ರೇಸ್ ಮಾಡಿದಾಗ ಪ್ಲಸ್ 5ಕ್ಕೆ ಇಳಿದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಐಡ್ಲಿಂಗ್‌ನಲ್ಲಿ ಒಳಹೋಗುವ ಗಾಳಿಯೇ ಸ್ವಲ್ಪ, ಅದರಲ್ಲಿ ಆ ಸೋರಿಕೆ ದೊಡ್ಡ ಪಾಲು. ರೇಸ್ ಮಾಡಿದಾಗ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಐಡ್ಲಿಂಗ್‌ನಲ್ಲಿ ಸರಿ ಇದ್ದು, ಎತ್ತರ ಹತ್ತುವಾಗ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಪಂಪ್, ಫ್ಯೂಯಲ್ ಫಿಲ್ಟರ್, ಇಂಜೆಕ್ಟರ್ ಕಡೆ ನೋಡಿ.

ಒಂದು ಎಚ್ಚರಿಕೆ. ಈ ಲಕ್ಷಣ ಚೆನ್ನಾಗಿ ಕಾಣುವುದು ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸಾರ್ ಇರುವ ಕಾರುಗಳಲ್ಲಿ. ನಮ್ಮ ಬಹಳ ಸಣ್ಣ ಕಾರುಗಳಲ್ಲಿ ಬರೀ ಎಂಎಪಿ ಇರುತ್ತದೆ. ಅಲ್ಲಿ ಕಳ್ಳಗಾಳಿ ಬಂದರೆ ಟ್ರಿಮ್ ಅಷ್ಟಾಗಿ ಕೆಡುವುದಿಲ್ಲ. ಐಡ್ಲಿಂಗ್ ಆರ್‌ಪಿಎಂ ಏರುತ್ತದೆ, ಎಂಎಪಿ 30ರ ಬದಲು 45-50 ತೋರಿಸುತ್ತದೆ.

ಇಪ್ಪತ್ತು ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆಯೂ ಕೇಳುತ್ತಿದ್ದೀರಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಈಗ ಎಲ್ಲ ಕಡೆ ಬಂದಿದೆ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. 10 ಶೇಕಡಾ ಎಥನಾಲ್‌ಗೆ ಹೊಂದಿಸಿದ ಕಾರಿನಲ್ಲಿ ಲಾಂಗ್ ಟರ್ಮ್ ಟ್ರಿಮ್ ಮೂರು-ನಾಲ್ಕು ಶೇಕಡಾ ಏರಿದರೆ ಅದು ಇಂಧನದ ಲೆಕ್ಕ, ರಿಪೇರಿ ಬೇಡ. ಆದರೆ ಪ್ಲಸ್ 18 ಬಂದಾಗ ಎಥನಾಲ್ ಮೇಲೆ ಹಾಕಿ ಸುಮ್ಮನಾಗಬೇಡಿ.

ನಾಲ್ಕನೆಯದು ಆಕ್ಸಿಜನ್ ಸೆನ್ಸಾರ್. ಕನ್ವರ್ಟರ್‌ಗೆ ಮೊದಲು ಒಂದು, ಆಮೇಲೆ ಒಂದು ಇರುತ್ತದೆ. ಸಾಮಾನ್ಯ ಸೆನ್ಸಾರ್ ಆದರೆ ಮೊದಲನೆಯದು 0.1 ಮತ್ತು 0.9 ವೋಲ್ಟ್ ನಡುವೆ ಸತತವಾಗಿ ತೂಗಾಡಬೇಕು. ಎರಡನೆಯದು 0.6-0.7ರಲ್ಲಿ ಬಹುತೇಕ ನೆಟ್ಟಗೆ ನಿಲ್ಲಬೇಕು. ಎರಡನೆಯದೂ ಮೊದಲನೆಯದರ ಹಾಗೇ ತೂಗಾಡಿದರೆ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ. ಹೊಸ ಕಾರುಗಳಲ್ಲಿ ಮೊದಲನೆಯದು 'ವೈಡ್‌ಬ್ಯಾಂಡ್' ಬಗೆಯದು, ಅದು ಹೀಗೆ ತೂಗಾಡುವುದಿಲ್ಲ. ಅದರಲ್ಲಿ ಲ್ಯಾಂಬ್ಡಾ ಎಂಬ ಅಂಕಿ ನೋಡಿ. ಗಾಳಿ-ಇಂಧನ ಅಳತೆ ಸರಿ ಇದ್ದರೆ ಅದು 1ರ ಸುತ್ತಮುತ್ತ ಇರುತ್ತದೆ.

6. ಅನುಮಾನವನ್ನು ಸಾಬೀತು ಮಾಡಿ

ಪಾರ್ಟ್ ಕೊಳ್ಳಲು ಜೆ.ಸಿ. ರೋಡಿಗೆ ಹೊರಡುವ ಮೊದಲಿನ ಹಂತ ಇದು.

ಮಿಸ್ಸಿಂಗ್ ಕೋಡ್ ಪಿ0302 ಬಂದಿದೆ ಎಂದುಕೊಳ್ಳಿ. ಎಂಜಿನ್ ತಣ್ಣಗಿರಲಿ, ಇಗ್ನಿಷನ್ ಆಫ್ ಮಾಡಿ. ಸಿಲಿಂಡರ್ ಎಣಿಕೆ ಬೆಲ್ಟ್ ಅಥವಾ ಚೈನ್ ಇರುವ ಕಡೆಯಿಂದ ಶುರುವಾಗುವುದು ವಾಡಿಕೆ, ಆದರೂ ನಿಮ್ಮ ಗಾಡಿಯ ಮ್ಯಾನ್ಯುವಲ್ ನೋಡಿ. 2ನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿ ಹಾರಿಸುವ ಕರೆಂಟ್ ಕೊಡುವ ಭಾಗ) ಹುಡುಕಿ, ಅದರ ಕನೆಕ್ಟರ್ ಲಾಕ್ ಒತ್ತಿ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ, ಹಳೆಯ ಪ್ಲಾಸ್ಟಿಕ್ ಮುರಿಯುತ್ತದೆ. 10 ಎಂಎಂ ಬೋಲ್ಟ್ ಬಿಚ್ಚಿ, ಕಾಯಿಲನ್ನು ಸ್ವಲ್ಪ ತಿರುಗಿಸುತ್ತಾ ಮೇಲಕ್ಕೆತ್ತಿ. ಸ್ಪಾರ್ಕ್ ಪ್ಲಗ್ ಕುಳಿಯಲ್ಲಿ ನೀರು ಅಥವಾ ಆಯಿಲ್ ಇದೆಯೇ ಟಾರ್ಚ್ ಹಾಕಿ ನೋಡಿ. ಈಗ 1 ಮತ್ತು 2ರ ಕಾಯಿಲ್ ಅದಲು ಬದಲು ಮಾಡಿ. ಕೋಡ್ ಬರೆದಿಟ್ಟುಕೊಂಡಿದ್ದೀರಿ ತಾನೇ? ಈಗ ಅಳಿಸಿ, ಓಡಿಸಿ. ಕೋಡ್ ಪಿ0301 ಆಗಿ ಬಂದರೆ ದೋಷ ಕಾಯಿಲ್ ಜೊತೆ ಬಂದಿದೆ, ಕಾಯಿಲೇ ಕೆಟ್ಟಿದ್ದು. ಪಿ0302ನಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಆಗಲೂ ಅಲ್ಲೇ ಇದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್, ಗ್ಯಾರೇಜಿಗೆ ಹೋಗುವ ಹೊತ್ತು. ಇಷ್ಟಕ್ಕೆ ಖರ್ಚು ಒಂದು ರೂಪಾಯಿಯೂ ಇಲ್ಲ.

ಎರಡು ವೈರಿನ ಕೂಲೆಂಟ್ ಸೆನ್ಸಾರ್ ಅನುಮಾನ ಇದ್ದರೆ ಇನ್ನೂ ಸುಲಭ. ಕನೆಕ್ಟರ್ ಕಳಚಿ ಫೋನ್ ನೋಡಿ, ಮೈನಸ್ 40ರ ಹತ್ತಿರ ಹೋಗಬೇಕು. ಕೆಲವು ಕಾರು ಬದಲಿ ಅಂಕಿ ತೋರಿಸಿ ಫ್ಯಾನ್ ಓಡಿಸುತ್ತವೆ, ಕೈ ದೂರ ಇಡಿ. ಆಮೇಲೆ ವೈರ್ ಕಡೆಯ ಕನೆಕ್ಟರಿನ ಎರಡೂ ಪಿನ್ನನ್ನು ಒಂದು ತುಂಡು ತಂತಿಯಿಂದ ಸೇರಿಸಿದರೆ ಅಂಕಿ ಒಮ್ಮೆಲೇ ಮೇಲಿನ ತುದಿಗೆ ಹಾರಬೇಕು. ಎರಡೂ ಆಯಿತೆಂದರೆ ವೈರ್, ಕಂಪ್ಯೂಟರ್ ಸರಿ ಇವೆ, ಸೆನ್ಸಾರ್ ಬದಲಿಸಿ. ಆಗದಿದ್ದರೆ ಹೊಸ ಸೆನ್ಸಾರ್ ಹಾಕಿಯೂ ಪ್ರಯೋಜನವಿಲ್ಲ. ಮೂರು ವೈರ್ ಇರುವ ಸೆನ್ಸಾರ್‌ಗಳಲ್ಲಿ ಈ ಪ್ರಯೋಗ ಮಾಡಬೇಡಿ.

ಕಳ್ಳಗಾಳಿ ಹುಡುಕಲು ಗ್ಯಾರೇಜಿನ ಹೊಗೆ ಯಂತ್ರದಷ್ಟು ಒಳ್ಳೆಯದು ಬೇರೊಂದಿಲ್ಲ. ಹೋಸ್‌ಗಳಲ್ಲಿ ಹೊಗೆ ತುಂಬಿ, ಎಲ್ಲಿಂದ ಹೊರಬರುತ್ತದೆ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವ ವಿಡಿಯೋ ನೋಡಿರುತ್ತೀರಿ. ಅದು ಬೆಂಕಿ ಹತ್ತುವ ದ್ರವ, ಮನೆಯಲ್ಲಿ ಬೇಡ. ನಮ್ಮ ಹಳೆಯ ಕಾರಿನಲ್ಲಿ ಪಿ0171 ಬಂದಾಗ ಒಂದು ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸಾರ್ ಬದಲಿಸಿದ್ದರು. ನಾಲ್ಕೇ ದಿನಕ್ಕೆ ಲೈಟ್ ಮರಳಿತು. ಏರ್ ಫಿಲ್ಟರಿನಿಂದ ಎಂಜಿನ್‌ಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಹೋಸ್‌ಗೆ, ಕೆಳಬದಿಯ ಮಡಿಕೆಯೊಳಗೆ, ಉಗುರಿನುದ್ದ ಬಿರುಕು ಬಿಟ್ಟಿತ್ತು. ಕೈಯಿಂದ ಹಿಗ್ಗಿಸಿದಾಗಲೇ ಕಂಡಿದ್ದು. ನೀವೂ ಹಿಗ್ಗಿಸಿ ನೋಡಿ.

7. ಸೈಲೆನ್ಸರ್ ಹೇಳುವ ಮಾತು

ಎಮಿಷನ್ ಟೆಸ್ಟ್ ಎಂದರೆ ಚೀಟಿ ಪಡೆಯುವ ಕೆಲಸ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ನಿಜವಾಗಿ ಅದು ಎಂಜಿನ್‌ಗೆ ಮಾಡುವ ರಕ್ತಪರೀಕ್ಷೆ. ಬಂಕಿನಲ್ಲಿರುವ ಪೆಟ್ರೋಲ್ ಗಾಡಿಯ ಯಂತ್ರ ಸಾಮಾನ್ಯವಾಗಿ ನಾಲ್ಕು ಅನಿಲ ಅಳೆಯುತ್ತದೆ: ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಂದರೆ ಉರಿಯದೆ ಉಳಿದ ಪೆಟ್ರೋಲ್, ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್. ಚೀಟಿಯಲ್ಲಿ ನಾಲ್ಕೂ ಇರುವುದಿಲ್ಲ. ಸ್ಕ್ರೀನ್ ತೋರಿಸಿ ಎಂದು ಕೇಳಿ, ಬರೆದುಕೊಳ್ಳಿ.

ಮಿತಿಗಳು ಹೀಗಿವೆ. ಬಿಎಸ್4 ಮತ್ತು ಆಮೇಲಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 200). 2,500 ಆರ್‌ಪಿಎಂ ಹತ್ತಿರ ಹಿಡಿದಾಗ ಕಾರ್ಬನ್ ಮಾನಾಕ್ಸೈಡ್ 0.2, ಲ್ಯಾಂಬ್ಡಾ 0.97ರಿಂದ 1.03. ಬಿಎಸ್2, ಬಿಎಸ್3 ಕಾರುಗಳಿಗೆ 0.5 ಮತ್ತು 750. ಬಿಎಸ್4 ಡೀಸೆಲ್‌ಗೆ ಹೊಗೆಯ ದಟ್ಟಣೆ ಅಳೆಯುತ್ತಾರೆ, ಕೆ ಮೌಲ್ಯ 1.62 ದಾಟಬಾರದು, ಅದಕ್ಕಿಂತ ಹಳೆಯ ಡೀಸೆಲ್‌ಗೆ 2.45.

ಅಂಕಿಗಳನ್ನು ಒಟ್ಟಿಗೆ ಓದಬೇಕು. ಕಾರ್ಬನ್ ಮಾನಾಕ್ಸೈಡ್ ಜಾಸ್ತಿ, ಆಕ್ಸಿಜನ್ ಬಹಳ ಕಡಿಮೆ ಎಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ತುಂಬಿದ ಏರ್ ಫಿಲ್ಟರ್, ಸೋರುವ ಇಂಜೆಕ್ಟರ್, ತಣ್ಣಗಿದೆ ಎಂದು ಸುಳ್ಳು ಹೇಳುವ ಕೂಲೆಂಟ್ ಸೆನ್ಸಾರ್ ನೋಡಿ. ಹೈಡ್ರೋಕಾರ್ಬನ್ ಜಾಸ್ತಿ, ಆಕ್ಸಿಜನ್ನೂ ಜಾಸ್ತಿ, ಕಾರ್ಬನ್ ಮಾನಾಕ್ಸೈಡ್ ಕಡಿಮೆ ಎಂದರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ. ಪ್ಲಗ್, ಕಾಯಿಲ್, ಕಳ್ಳಗಾಳಿ. ಚೆನ್ನಾಗಿ ಉರಿಯುವ ಎಂಜಿನ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ 14-15 ಶೇಕಡಾ ಇರುತ್ತದೆ. ಅದು 10ಕ್ಕೆ ಇಳಿದು ಆಕ್ಸಿಜನ್ ಏರಿದ್ದರೆ, ಎಂಜಿನನ್ನು ಬಯ್ಯುವ ಮೊದಲು ಸೈಲೆನ್ಸರ್ ತೂತಾಗಿದೆಯೇ, ಪ್ರೋಬ್ ಒಂದಡಿಯಾದರೂ ಒಳಗೆ ಹೋಗಿದೆಯೇ ನೋಡಿ. ಹೊರಗಿನ ಗಾಳಿ ಬೆರೆತರೆ ಎಲ್ಲ ಅಂಕಿಯೂ ಸುಳ್ಳು.

ಹೆಚ್ಚು ಜನ ಫೇಲ್ ಆಗುವುದು ತಣ್ಣಗಿನ ಗಾಡಿ ತಂದದ್ದಕ್ಕೆ. ಮನೆ ಎದುರಿನ ಬಂಕಿಗೆ ಸ್ಟಾರ್ಟ್ ಮಾಡಿ ನೇರ ಹೋಗಬೇಡಿ. ಕನ್ವರ್ಟರ್ ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಹದಿನೈದು-ಇಪ್ಪತ್ತು ನಿಮಿಷ ಓಡಿಸಿ, ಕ್ಯೂನಲ್ಲಿ ಎಂಜಿನ್ ಆಫ್ ಮಾಡದೆ ಕಾಯಿರಿ. ಎಸಿ, ಹೆಡ್‌ಲೈಟ್ ಆಫ್ ಇರಲಿ. ಟೆಸ್ಟ್ ಪಾಸ್ ಮಾಡಿಸುವ ಬಾಟಲಿ ದ್ರವಗಳಿಗೆ ದುಡ್ಡು ಹಾಕಬೇಡಿ. ದೋಷ ಹಾಗೇ ಇರುತ್ತದೆ. ಗಾಡಿ ತರದೆಯೇ ಚೀಟಿ ಕೊಡುತ್ತೇನೆ ಎನ್ನುವವರ ಬಳಿ ಹೋಗಲೇಬೇಡಿ. ಕಾನೂನಿನ ಮಾತು ಒಂದು ಕಡೆ, ನಿಮ್ಮ ಎಂಜಿನ್ ಹೇಗಿದೆ ಎಂದು ತಿಳಿಯುವ ಅವಕಾಶವೂ ಕೈತಪ್ಪುತ್ತದೆ.

ಅಮೆರಿಕದಲ್ಲಿರುವ ಓದುಗರಿಗೆ: ಕ್ಯಾಲಿಫೋರ್ನಿಯಾದಲ್ಲಿ 2000ನೇ ಮಾಡೆಲ್ ಮತ್ತು ಆಮೇಲಿನ ಪೆಟ್ರೋಲ್ ಕಾರುಗಳ ತಪಾಸಣೆ ಒಬಿಡಿ ಸಾಕೆಟ್‌ನಿಂದಲೇ ನಡೆಯುತ್ತದೆ. ಹಿಂದಿನ ದಿನ ಕೋಡ್ ಅಳಿಸಿ ಹೋದರೆ ಸ್ವಯಂ ಪರೀಕ್ಷೆಗಳು ಮುಗಿದಿಲ್ಲ ಎಂದು ಗೊತ್ತಾಗುತ್ತದೆ, ವಾಪಸ್ ಕಳಿಸುತ್ತಾರೆ.

8. ಎರಡು ದುಬಾರಿ ತಪ್ಪುಗಳು

ಪಿ0420 ಬಂತೆಂದು ಕನ್ವರ್ಟರ್ ಬದಲಿಸುವುದು ಮೊದಲನೆಯದು. ಕನ್ವರ್ಟರ್ ಸುಮ್ಮಸುಮ್ಮನೆ ಸಾಯುವುದಿಲ್ಲ. ಮಿಸ್ಸಿಂಗ್, ಆಯಿಲ್ ಸುಡುವುದು, ಪೆಟ್ರೋಲ್ ಜಾಸ್ತಿ ಹೋಗುವುದು ಅದನ್ನು ಕೊಲ್ಲುತ್ತವೆ. ಆ ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದೂ ಹಾಳಾಗುತ್ತದೆ. ಮೊದಲು ಬೇರೆ ಕೋಡ್ ಇದ್ದರೆ ಅದನ್ನು ಮುಗಿಸಿ. ಎರಡು ಸೆನ್ಸಾರ್‌ಗಳ ಆಸುಪಾಸಿನಲ್ಲಿ ಸೈಲೆನ್ಸರ್ ಜಾಯಿಂಟ್ ಸೋರುತ್ತಿದೆಯೇ ನೋಡಿ. ಕನ್ವರ್ಟರ್ ಕೊನೆಯ ಅನುಮಾನ ಆಗಿರಲಿ. ಅದನ್ನು ತೆಗೆಸಿ ಖಾಲಿ ಪೈಪ್ ಹಾಕಿಸುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ. ಆ ಹೊಗೆ ಸಿಗ್ನಲ್‌ನಲ್ಲಿ ಪಕ್ಕದ ಬೈಕಿನಲ್ಲಿ ಕೂತ ಮಗುವಿನ ಮುಖಕ್ಕೇ ಹೋಗುತ್ತದೆ.

ಎರಡನೆಯದು ಡೀಸೆಲ್ ಮಸಿ ಫಿಲ್ಟರ್, ಅಂದರೆ ಡಿಪಿಎಫ್. ಬಿಎಸ್6 ಡೀಸೆಲ್ ಕಾರುಗಳಲ್ಲಿ ಇದೆ. ಇದು ಮಸಿಯನ್ನು ಹಿಡಿದಿಟ್ಟು, ಆಗಾಗ 600 ಡಿಗ್ರಿ ಹತ್ತಿರದ ಬಿಸಿಯಲ್ಲಿ ಸುಟ್ಟುಕೊಳ್ಳುತ್ತದೆ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಆಫೀಸಿಗೆ ಹೋಗಿ ಬರುವ ಗಾಡಿಗೆ ಅಷ್ಟು ಬಿಸಿ ಸಿಗುವುದೇ ಇಲ್ಲ. ಡಿಪಿಎಫ್ ಲೈಟ್ ಬಂದ ಕೂಡಲೇ ಮ್ಯಾನ್ಯುವಲ್ ನೋಡಿ, ಹೈವೇಯಲ್ಲಿ 60 ಕಿ.ಮೀ.ಗಿಂತ ಮೇಲಿನ ಒಂದೇ ವೇಗದಲ್ಲಿ ಹದಿನೈದು-ಇಪ್ಪತ್ತು ನಿಮಿಷ ಓಡಿಸಿ. ಲೈಟ್ ಆರುವ ತನಕ ನಿಲ್ಲಿಸಬೇಡಿ, ನಿಲ್ಲಿಸಲೇಬೇಕಾದರೆ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಈ ಲೈಟನ್ನು ವಾರಗಟ್ಟಲೆ ಬಿಟ್ಟರೆ ಗಾಡಿ ಪಿಕಪ್ ಕಳೆದುಕೊಳ್ಳುತ್ತದೆ, ಆಮೇಲೆ ಓಡಿಸಿ ಸರಿಮಾಡಲು ಆಗುವುದಿಲ್ಲ.

9. ರಿಪೇರಿ ಆದ ಮೇಲೆ

ಈಗ ಕೋಡ್ ಅಳಿಸಿ. ತಣ್ಣಗೆ ಸ್ಟಾರ್ಟ್ ಮಾಡಿ, ಊರೊಳಗೆ ಸ್ವಲ್ಪ, ಹೈವೇಯಲ್ಲಿ ಸ್ವಲ್ಪ, ಹೀಗೆ ಎರಡು-ಮೂರು ದಿನ ಓಡಿಸಿ. ಆ್ಯಪ್‌ನಲ್ಲಿ 'ರೆಡಿನೆಸ್' ಎಂಬ ಪುಟ ಇದೆ. ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ಅಲ್ಲಿ ಕಾಣುತ್ತದೆ. ಅವು ಮುಗಿದು, ಪೆಂಡಿಂಗ್ ಕೋಡೂ ಇಲ್ಲದಿದ್ದರೆ ಮಾತ್ರ ರಿಪೇರಿ ಆಗಿದೆ ಎಂದು ಹೇಳಬಹುದು. ಡಾಂಗಲ್ ಕಿತ್ತಿಡಿ. ಹಾಗೇ ಬಿಟ್ಟರೆ ನಿಂತ ಗಾಡಿಯ ಬ್ಯಾಟರಿ ಖಾಲಿ ಮಾಡುತ್ತದೆ.

ಗ್ಯಾರೇಜಿಗೆ ಹೋಗಬೇಕಾಗಿ ಬಂದರೆ ನೋಟ್‌ಬುಕ್ ತೆಗೆದುಕೊಂಡು ಹೋಗಿ. "ಅಣ್ಣಾ, ಪಿ0171 ಇದೆ. ಐಡ್ಲಿಂಗ್‌ನಲ್ಲಿ ಟ್ರಿಮ್ 22, ರೇಸ್ ಮಾಡಿದ್ರೆ 5. ಕಳ್ಳಗಾಳಿ ಅನ್ಸತ್ತೆ, ಸ್ಮೋಕ್ ಟೆಸ್ಟ್ ಮಾಡಿ ನೋಡ್ತೀರಾ?" ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಇಂಥ ಗಿರಾಕಿ ಕಂಡರೆ ಖುಷಿಯಾಗುತ್ತದೆ, ಅರ್ಧ ಕೆಲಸ ಮುಗಿದಿರುತ್ತದೆ. ಬದಲಿಸಿದ ಹಳೆಯ ಪಾರ್ಟ್ ವಾಪಸ್ ಕೇಳಿ ಪಡೆಯಿರಿ.

ಹೊಗೆ ತಪಾಸಣೆಯ ಚೀಟಿಗಳನ್ನೂ ಬಿಸಾಡಬೇಡಿ. ಹೋದ ವರ್ಷ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.02 ಇದ್ದದ್ದು ಈ ವರ್ಷ 0.21 ಆಗಿದ್ದರೆ ಟೆಸ್ಟ್ ಪಾಸ್ ಆಗಿದೆ, ಲೈಟೂ ಹತ್ತಿಲ್ಲ. ಆದರೂ ಆ ಭಾನುವಾರವೇ ಡಾಂಗಲ್ ಹಾಕಿ ಟ್ರಿಮ್ ನೋಡಿ.